ಅವ್ವನ ಕಾರಿಗೆ ಗಾಲಿ, ಮುಚ್ಚಳ ಇತ್ಯಾದಿ

ಹಳೆಯ ಕಾರಿಗೆ ಬಿಡಿಭಾಗ ಹುಡುಕಲು ಹೊರಟವನಿಗೆ ಬಿಡಿಭಾಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ನನಗಂತೂ ಸಿಕ್ಕಿದೆ.

ನಯಾಪೈಸೆ ಹೊಸದಾಗಿ ಬಂದು, ಜನ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಕಾಲ. ನಾನು ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಯಜಮಾನರ ತಂದೆ ಕೊಂಡಿದ್ದ ವಿಲಾಯತಿ ಕಾರು ಗಿರಣಿಯ ಹಿಂದೆ ಹದಿನೈದು ವರ್ಷದಿಂದ ನಿಂತಿತ್ತು. ಅದನ್ನು ತಯಾರಿಸಿದ ಕಂಪನಿ ಅದಕ್ಕೂ ಮೊದಲೇ ನಿಂತಿತ್ತು.

ಯಜಮಾನರ ತಾಯಿಯನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು. ಆ ಕಾರಿನಲ್ಲಿ ಕೂತು ಸೊರಬದ ಕಡೆಯ ಹೊಸಬಾಳೆಗೆ, ತನ್ನ ತವರಿಗೆ, ಒಂದು ಸಲ ಹೋಗಬೇಕೆಂಬುದೊಂದೇ ಅವ್ವನ ಆಸೆ. ಗಂಡ "ಮುಂದಿನ ಸಲ, ಮುಂದಿನ ಸಲ" ಎನ್ನುತ್ತಲೇ ತೀರಿಕೊಂಡಿದ್ದರು. ತವರಿನಲ್ಲಿದ್ದ ಅತ್ತಿಗೆಯಂತೂ ಕಾರು ಇದೆಯೆಂಬುದನ್ನೇ ನಂಬಿರಲಿಲ್ಲ.

"ನಂಗೂ ಎಪ್ಪತ್ತಾತು. ನನ್ನ ಸ್ಪೇರೂ ಎಲ್ಲೂ ಸಿಗಂಗಿಲ್ಲ. ಬೇಗ ಮಾಡ್ರಪ್ಪಾ" ಎಂದಳು ಅವ್ವ.

ಕೆಲಸ ಹಂಚಿಕೆಯಾಯಿತು. ಬಿಚ್ಚುವುದು ಗಿರಣಿಯ ಫಿಟ್ಟರ್, ಹುಡುಕುವುದು ನಾನು, ಸಿಟ್ಟಾಗುವುದು ಯಜಮಾನರು.

ಮಾತಾಡುವ ಗಾಲಿ

ಕಾರಿನದು ಮರದ ಕಡ್ಡಿಗಳ ಗಾಲಿ. ನಾಲ್ಕರಲ್ಲಿ ಒಂದನ್ನು ಗೆದ್ದಲು ತಿಂದಿತ್ತು. ಈಸೂರಿನ ಒಬ್ಬ ಗಾಡಿ ಬಡಗಿಗೆ ಇನ್ನೊಂದು ಗಾಲಿಯನ್ನು ಮಾದರಿಗೆಂದು ಕೊಟ್ಟೆ. ಹದಿನೈದು ದಿನದಲ್ಲಿ ಮಾಡಿ ತಂದ. ಮಾದರಿಗಿಂತ ಚೆಂದವಾಗಿತ್ತು.

ಹಾಕಿ ನಾಲ್ಕು ಹೆಜ್ಜೆ ತಳ್ಳಿದೆವು. ಗಡಕ್, ಗಡಕ್! ಫಿಟ್ಟರ್ ಬಿಚ್ಚಿ ನೋಡಿದರೆ ನಡುವಿನ ತೂತು ಅರ್ಧ ಬೆರಳು ಸಡಿಲ.

ಬಡಗಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. "ಬೇಕಂತಲೇ ಬಿಟ್ಟಿದ್ದು ರೀ. ಗಾಲಿ ಮಾತಾಡ್ಬೇಕು. ಮಾತಾಡ್ಲಿಲ್ಲ ಅಂದ್ರೆ ಎದುರಿಂದ ಬರೋ ಗಾಡಿಯವ್ನಿಗೆ ಹೆಂಗೆ ಗೊತ್ತಾಗಬೇಕು?"

"ಕಾರಿಗೆ ಹಾರನ್ ಇದೆಯಲ್ಲಪ್ಪ."

"ಹಾರನ್ ಒತ್ತಾಕೆ ಎಚ್ಚರ ಇರಬೇಕಲ್ರೀ. ನಮ್ಮ ಗಾಡಿಯವ್ರು ಮಲಕ್ಕಂಡೇ ಊರು ಮುಟ್ತಾರೆ."

ಸ್ನಾನದ ಪ್ರಶ್ನೆ

ಎಂಜಿನ್ನಿಗೆ ನೀರು ಹೊಯ್ಯುವ ಬಾಯಿಯ ಮುಚ್ಚಳ ಕಳೆದುಹೋಗಿತ್ತು. ಪೇಟೆಯ ಹಿತ್ತಾಳೆ ಕೆಲಸದವರೊಬ್ಬರಿಗೆ ಅಳತೆ ಕೊಟ್ಟೆ. ಅವರು ಒಂದೇ ಪ್ರಶ್ನೆ ಕೇಳಿದರು: "ಇದು ಗಾಡೀಲಿ ಎಲ್ಲಿ ಬರ್ತದೆ?"

"ಮುಂದೆ. ಎಲ್ಲದಕ್ಕಿಂತ ಮೇಲೆ."

"ಹಾಗೋ" ಎಂದು ತಲೆಯಾಡಿಸಿದರು. ವಾರದ ಮೇಲೆ ಹೋದರೆ ದೇವಸ್ಥಾನದ ಶಿಖರಕ್ಕೆ ಇಡುವಂಥ ಕಳಸವನ್ನು ಥಳಥಳ ಬೆಳಗಿ ಇಟ್ಟಿದ್ದರು. ತಿರುಪು ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಯಜಮಾನರು ಸಿಟ್ಟಾದರು. ಅವ್ವ ಕೈಮುಗಿದಳು. ಕಳಸ ಉಳಿಯಿತು.

ಮುಂದೆ ಎಂಜಿನ್ನೂ ಶುರುವಾದ ಮೇಲೆ, ಪರೀಕ್ಷೆಗೆಂದು ಕಾರು ಹೊರಟು ನೀರು ಕುದ್ದು ಕಳಸದ ಸುತ್ತ ಹಬೆಯೆದ್ದಾಗಲೆಲ್ಲ ದಾರಿಯಲ್ಲಿದ್ದವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ತಳ್ಳಲು ಕರೆದರೆ ಮಾತ್ರ "ಸ್ನಾನ ಆಗಿಲ್ಲ ರೀ" ಎಂದು ದೂರ ನಿಲ್ಲುತ್ತಿದ್ದರು.

ಒಂಬತ್ತು ದಿನ

ಪೆಟ್ರೋಲು ಹೀರುವ ಕಾರ್ಬುರೇಟರ್ ಪೂರ್ತಿ ತುಕ್ಕು ಹಿಡಿದಿತ್ತು. ಅಂಥದೇ ಕಾರೊಂದು ಉಳವಿಯ ರೈತರೊಬ್ಬರ ಹಿತ್ತಲಲ್ಲಿ ಬಿದ್ದಿದೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ಮನೆಯಲ್ಲಿದ್ದದ್ದು ಒಬ್ಬಳು ಅಜ್ಜಿ. ಹಿತ್ತಲಿಗೆ ಕರೆದೊಯ್ದು ತೋರಿಸಿದಳು. ಕಾರಿನ ಮೂತಿಯ ಮುಚ್ಚಳ ಎತ್ತಿದೆ. ಒಳಗೆ, ನನಗೆ ಬೇಕಾದ ವಸ್ತುವಿನ ಮೇಲೆಯೇ ಹುಲ್ಲು ಹಾಸಿಕೊಂಡು ಒಂದು ಕೋಳಿ ಕೂತಿತ್ತು. ನನ್ನನ್ನು ನೋಡಿ ಗುರ್ರೆಂದಿತು.

"ಮುಚ್ಚಿ ಮಾರಾಯ್ರೇ, ಮುಚ್ಚಿ! ಕಾವಿಗೆ ಕೂತದೆ" ಎಂದಳು ಅಜ್ಜಿ.

"ಎರಡೇ ನಿಮಿಷ ಅಜ್ಜಿ, ಬಿಚ್ಚಿಕೊಳ್ತೇನೆ."

"ನಿಮಗೆ ಎರಡು ನಿಮಿಷ. ಅದಕ್ಕೆ ಇಪ್ಪತ್ತೊಂದು ದಿನ. ಇವತ್ತಿಗೆ ಹನ್ನೆರಡು ಆಯ್ತು. ಒಂಬತ್ತು ದಿನ ಬಿಟ್ಟು ಬನ್ನಿ, ಮರಿ ಇಳಿಸಿ ಕೊಡ್ತೇನೆ."

ಶಿಕಾರಿಪುರಕ್ಕೆ ಮರಳಿ ಇದ್ದದ್ದನ್ನು ಇದ್ದಂತೆ ವರದಿ ಮಾಡಿದೆ. ಯಜಮಾನರು ಮತ್ತೆ ಸಿಟ್ಟಾದರು. ಫಿಟ್ಟರ್ ಮಾತ್ರ ಸಮಾಧಾನದಿಂದ ಬೀಡಿ ಹಚ್ಚಿದ.

"ಒಳ್ಳೇದೇ ಆತು ಬಿಡ್ರಿ. ನಮ್ಮ ಎಂಜಿನ್ನು ಹದಿನೈದು ವರ್ಷದಿಂದ ತಣ್ಣಗೈತಿ. ಅದಾದ್ರೂ ಬಿಸಿ ಇರ್ಲಿ."

ಹೊಸಬಾಳೆ

ಎಂಟು ತಿಂಗಳಾದ ಮೇಲೆ ಕಾರು ಹೊರಟಿತು. ಯಜಮಾನರು ನಡೆಸಿದರು. ಪಕ್ಕದಲ್ಲಿ ಫಿಟ್ಟರ್. ಹಿಂದೆ ನಾನು ಮತ್ತು ಅವ್ವ. ಅವ್ವ ಇಳಕಲ್ ಸೀರೆ ಉಟ್ಟು ದಾರಿಯುದ್ದಕ್ಕೂ ಬೆನ್ನು ಒರಗಿಸದೆ ಕೂತಿದ್ದಳು. ಮೂರು ಕಡೆ ನಿಂತೆವು, ಮೂರು ಕಡೆಯೂ ಮತ್ತೆ ಹೊರಟೆವು. ಹೊಸಬಾಳೆಯೊಳಗೆ ಕಾರು, ಯಾರೂ ತಳ್ಳದೆ, ತನ್ನಷ್ಟಕ್ಕೆ ತಾನೇ ಹೋಯಿತು.

ತವರುಮನೆಯ ಜಗಲಿಯಲ್ಲಿ ಅತ್ತಿಗೆ ಕೋಲು ಹಿಡಿದು ಹಪ್ಪಳ ಕಾಯುತ್ತಿದ್ದರು. ಕಾರು ಸರಿಯಾಗಿ ಅವರ ಮುಂದೆ ನಿಂತಿತು. ಸಾಲದೆಂದು ಯಜಮಾನರು ಎರಡು ಸಲ ಹಾರನ್ ಒತ್ತಿದರು.

ಅತ್ತಿಗೆ ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ನಮ್ಮನ್ನು ನೋಡಿದರು. ಒಂದು ಹಪ್ಪಳ ಮಗುಚಿದರು. ಆಮೇಲೆ ಕೇಳಿದರು:

"ಏನ್ ತಂಗಿ, ಬಸ್ಸು ತಪ್ಪಿತಾ?"

ಯಜಮಾನರ ಮುಖ ಕೆಂಪಾಯಿತು. ಫಿಟ್ಟರ್ ನೆಲ ನೋಡಿದ. ಎಂಟು ತಿಂಗಳು ಬಸ್ಸು ಹತ್ತಿ ಇಳಿದ ನನಗೆ ಎಲ್ಲಾದರೂ ಅಡಗಿಕೊಂಡರೆ ಸಾಕೆನಿಸಿತು.

ಅವ್ವ ನಿಧಾನವಾಗಿ ಇಳಿದು ಸೆರಗು ಸರಿಮಾಡಿಕೊಂಡಳು.

"ಹೂಂ ಅತ್ತಿಗೆ, ತಪ್ಪಿತು. ಏನ್ ಮಾಡೋದು, ಮನ್ಯಾಗೆ ಇದೊಂದು ಬಿದ್ದಿತ್ತು, ಇದ್ರಾಗೇ ಬಂದೆ."