ಸೊನ್ನೆ ನಿಮಿಷದ ದೋಣಿ

ಹಾಯಿದೋಣಿ ಪಂದ್ಯದ ಲೆಕ್ಕ ಹಿಡಿಯುವ ಕೆಲಸಕ್ಕೆ ಒಮ್ಮೆ ಕೂತರೆ ಇಂಥವು ನಡೆಯುತ್ತಲೇ ಇರುತ್ತವೆ, ನಾವಾಗಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾನು ಇಚಲಕರಂಜಿಯಲ್ಲಿ ಪವರ್‌ಲೂಮ್ ಮಗ್ಗ ರಿಪೇರಿ ಮಾಡುವವನು. ನೀರು ಕಂಡರೆ ನಾಲ್ಕು ಹೆಜ್ಜೆ ಹಿಂದೆ ನಿಲ್ಲುವವನು. ಆದರೆ ಮಗ್ಗ ನಿಮಿಷಕ್ಕೆ ಎಷ್ಟು ಹೊಡೆತ ಹಾಕುತ್ತದೆ ಎಂದು ಎಣಿಸಲು ನನ್ನ ಹತ್ತಿರ ಒಂದು ಸ್ಟಾಪ್‌ವಾಚು ಇತ್ತು. ಅಷ್ಟಕ್ಕೇ ಸಿಕ್ಕಿಬಿದ್ದೆ.

ಗಡಹಿಂಗ್ಲಜದಿಂದ ಉತ್ತೂರಿನ ಕಡೆ ಹೋಗುವಾಗ ಒಂದು ಡ್ಯಾಮು. ಅದರ ನೀರಿನಲ್ಲಿ ತಿಂಗಳಿಗೆ ಎರಡು ಭಾನುವಾರ ನಮ್ಮ ಕ್ಲಬ್ಬಿನ ಪಂದ್ಯ. ನೌಕಾಪಡೆಯಿಂದ ನಿವೃತ್ತರಾಗಿ ಹಲಕರ್ಣಿಯಲ್ಲಿ ಕಬ್ಬು ಹಚ್ಚಿದವರೊಬ್ಬರು ನಮ್ಮ ಅಧ್ಯಕ್ಷರು. ಎಲ್ಲರಿಗೂ ಈ ಹುಚ್ಚು ಹಚ್ಚಿದವರೂ ಅವರೇ. ಅವರದೂ ಸೇರಿ ಇರುವುದು ಐದು ದೋಣಿ. ಓಟಕ್ಕೆಂದೇ ಮಾಡಿದ ತೆಳ್ಳಗಿನ ದೋಣಿಗಳಲ್ಲ. ಸಣ್ಣದೊಂದು ಗೂಡು, ಮಲಗಲು ಎರಡು ಹಲಗೆ, ಚಹಾ ಕಾಸಲು ಸ್ಟೋವು ಇರುವ, ಸಂಸಾರ ಸಮೇತ ಹೊರಡಬಹುದಾದ ದೋಣಿಗಳು. ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೆಂದೇ ಸವಲತ್ತಿನ ನಿಮಿಷ. ನಿಧಾನದ ದೋಣಿಗೆ ಹೆಚ್ಚು ನಿಮಿಷ, ಚುರುಕಿನ ದೋಣಿಗೆ ಕಡಿಮೆ. ಓಡಿದ ಹೊತ್ತಿನಲ್ಲಿ ಆ ನಿಮಿಷಗಳನ್ನು ಕಳೆಯಬೇಕು. ಉಳಿದದ್ದು ಯಾರದು ಕಡಿಮೆಯೋ ಅವರು ಗೆದ್ದರು. ಜೊತೆಗೆ ಒಂದು ನಿಯಮ ಬೇರೆ: ಗೆರೆಯನ್ನು ಮೊದಲು ದಾಟಿದ ದೋಣಿಗೆ ಮುಂದಿನ ಸಲ ಐದು ನಿಮಿಷ ಕಡಿತ.

ಯಾರಿಗೆ ಎಷ್ಟು ನಿಮಿಷ ಎಂದು ಬರೆಯುವವನು ನಾನು. ಈಗ ನನ್ನನ್ನು ತಾವಾಗಿ ಮಾತಾಡಿಸುವವರು ಮೂರು ಜನ ಉಳಿದಿದ್ದಾರೆ.

ಬಕೆಟ್ಟು

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಎಲ್ಲ ದೋಣಿಗಳನ್ನೂ ಓಡಿಸಿ ನೋಡಿ ನಿಮಿಷ ಬರೆಯುತ್ತೇನೆ. ನಮ್ಮ ಕಡೆಯ ಜನ ತಮ್ಮ ಎಮ್ಮೆಯನ್ನಾಗಲಿ, ಮೋಟರ್‌ಸೈಕಲ್ಲನ್ನಾಗಲಿ ಕಡಿಮೆ ಮಾಡಿ ಹೇಳುವವರಲ್ಲ. ಅವತ್ತೊಂದು ದಿನ ಮಾತ್ರ ಎಲ್ಲರಿಗೂ ವಿನಯ ಬಂದುಬಿಡುತ್ತದೆ.

ಕಬನೂರಿನಲ್ಲಿ ಎಂಟು ಮಗ್ಗ ಇಟ್ಟಿರುವ ಸಾವಕಾರರು ಬೆಳಿಗ್ಗೆಯೇ ಬಂದು ಪಕ್ಕದಲ್ಲಿ ಕೂತರು.

"ಮಿಸ್ತ್ರಿ, ನಂದು ದೋಣಿ ಅಲ್ರಿ, ನೀರಾಗಿನ ಕಟ್ಟಿ. ಕುಂತಲ್ಲೆ ಕುಂದರ್ತೈತಿ."

ಓಡಿಸಿದರೆ ನಿಜಕ್ಕೂ ಕಟ್ಟೆ ತೆವಳಿದ ಹಾಗೆಯೇ ಬಂತು. ಹದಿನೆಂಟು ನಿಮಿಷ ಬರೆದುಕೊಂಡೆ. ಆಮೇಲೆ ಪಂದ್ಯದ ಮೇಲೆ ಪಂದ್ಯ, ಅವರ ದೋಣಿ ನನ್ನ ಲೆಕ್ಕ ಹೇಳಿದಷ್ಟೇ ಹೊತ್ತಿಗೆ ಬರುತ್ತಿತ್ತು, ಒಂದು ನಿಮಿಷ ಆಚೆ ಈಚೆ ಇಲ್ಲ. ನನ್ನ ಲೆಕ್ಕದ ಮೇಲೆ ನನಗೇ ಅಭಿಮಾನ ಬಂತು.

ಏಪ್ರಿಲ್‌ನಲ್ಲಿ ಬಣ್ಣ ಹಚ್ಚಲೆಂದು ದೋಣಿಯನ್ನು ದಂಡೆಗೆ ಎಳೆದರು. ಹೊಟ್ಟೆಯ ಕೆಳಗೆ ಹಗ್ಗದಲ್ಲಿ ಕಟ್ಟಿದ ಬಕೆಟ್ಟೊಂದು ಜೊತೆಗೆ ಬಂತು. ನಾನು ಪರೀಕ್ಷೆ ಮಾಡುವ ದಿನ ದೋಣಿ ನಿಧಾನವಾಗಲಿ ಎಂದು ಸಾವಕಾರರೇ ಕಟ್ಟಿದ್ದು. ಆಮೇಲೆ ಬಿಚ್ಚುವುದನ್ನು ಮರೆತಿದ್ದರು.

"ಆರ ತಿಂಗಳಾತು, ಮನ್ಯಾಗ ಈ ಬಕೆಟ್ ಹುಡುಕಾಕತ್ತಾರ," ಅಂದರು.

"ಬಿಚ್ಚಿಬಿಡ್ರಿ. ಆದ್ರ ಹದಿನೆಂಟ ಹೋಗಿ ಎಂಟ ನಿಮಿಷ ಆಗ್ತೈತಿ ನೋಡ್ರಿ," ಅಂದೆ.

ಸಾವಕಾರರು ಬಕೆಟ್ಟನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಗ್ಗಿ ಗಂಟನ್ನು ಬಿಗಿ ಮಾಡಿದರು. "ಇರ್ಲಿ ಬಿಡ್ರಿ. ಈಗ ಕೈಗೆ ಹೊಂದೈತಿ."

ಸೊನ್ನೆ

ಐದನೆಯ ದೋಣಿ ನನ್ನ ಮಾವನದು. ಗಡಹಿಂಗ್ಲಜದಲ್ಲಿ ಕಬ್ಬು ಸಾಗಿಸುವ ಟ್ರಾಲಿ ಕಟ್ಟುವ ವರ್ಕ್‌ಶಾಪು ಅವರದು. ವಯಸ್ಸು ಎಪ್ಪತ್ತೊಂದು. ಟ್ರಾಲಿಗೆ ಹಾಕುವ ಕಬ್ಬಿಣದ ತಗಡಿನಲ್ಲೇ ದೋಣಿಯನ್ನೂ ಕಟ್ಟಿದ್ದಾರೆ. ಹಿಂದೆ ಎರಡು ಕೆಂಪು ರಿಫ್ಲೆಕ್ಟರು, ನಡುವೆ 'ಆಯೀಚಾ ಆಶೀರ್ವಾದ', ಅಂದರೆ ತಾಯಿಯ ಆಶೀರ್ವಾದ, ಎಂಬ ಮರಾಠಿ ಬರಹ. ಬ್ರೇಕು ಒಂದಿಲ್ಲ. ಅದರ ಅಗತ್ಯ ಬೀಳುವಷ್ಟು ಅದು ಓಡುತ್ತಲೂ ಇರಲಿಲ್ಲ.

ನಾನು ಮೂವತ್ತು ನಿಮಿಷ ಬರೆದೆ. ಅಳಿಯ ಎಂದು ಕೊಟ್ಟದ್ದಲ್ಲ, ಲೆಕ್ಕ ಬಂದದ್ದೇ ಅಷ್ಟು. ಮಾವ ಕನ್ನಡಕ ಹಾಕಿಕೊಂಡು ಓದಿದರು.

"ಅಳಿಯಾರ, ಈ ಮೂವತ್ತು ಏನು?"

"ಸವಲತ್ತು ರೀ ಮಾವಾರ. ದೋಣಿ ಭಾಳ ವಜ್ಜಾ ಐತಿ."

"ನಾ ಇಷ್ಟ ವರ್ಷ ಯಾರ ಕಡಿಂದೂ ಸವಲತ್ತು ತಗೊಂಡಿಲ್ಲ. ಎಲ್ಲಾರ್ಕಿಂತ ಚಲೋ ದೋಣಿ ಯಾರ್ದು?"

"ಇಚಲಕರಂಜಿ ನೂಲಿನ ವ್ಯಾಪಾರಿಗಳದು. ಅವರಿಗೆ ಐದ ನಿಮಿಷ."

"ಹಂಗಾದ್ರ ನನಗ ಸೊನ್ನಿ ಬರೀರಿ."

ಬರೆದೆ. ಮನೆಗೆ ಬಂದ ಮೇಲೆ ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು, "ಅಪ್ಪ ಏನರ ಅಂತಾರ, ನೀವು ಬರದ ಬಿಡೂದಾ?"

ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮ ಭಾಗದಲ್ಲಿ ಗೆದ್ದವನ ಮೈಮೇಲೆ ಗುಲಾಲು ಬೀಳಬೇಕು. ಇಲ್ಲವಾದರೆ ಅದು ಗೆಲುವೇ ಅಲ್ಲ. ಮಾವ ಹುಡುಗನಾಗಿದ್ದಾಗ ಎರಡು ಕುಸ್ತಿ ಹಿಡಿದು ಎರಡನ್ನೂ ಸೋತವರು. ಒಮ್ಮೆ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಿದ್ದರು. ಎಣಿಕೆಯ ದಿನ ಗುಲಾಲು ಎದುರಿನವರ ಮೆರವಣಿಗೆಯಲ್ಲಿ ಹಾರಿತು, ಇವರು ಹಿಂದಿನ ಓಣಿಯಿಂದ ಮನೆಗೆ ಬಂದರು. ಈಗ ಅವರಿಗೆ ಉಳಿದಿರುವ ಆಸೆ ಒಂದೇ. "ಒಂದ ಸಲ ಮೈಮ್ಯಾಲ ಗುಲಾಲ ಬೀಳಬೇಕು. ಅಷ್ಟ," ಎಂದು ಮಗಳ ಮುಂದೆ ಹೇಳಿದ್ದರು. ಆ ಆಸೆಯನ್ನು ಮೂವತ್ತು ನಿಮಿಷ ತಗೊಂಡು ತೀರಿಸಿಕೊಳ್ಳಲು ಮಾತ್ರ ಅವರು ತಯಾರಿರಲಿಲ್ಲ.

ಸೊನ್ನೆ ಇಟ್ಟುಕೊಂಡು ಎರಡು ವರ್ಷ ಓಡಿಸಿದರು. ಐದನೆಯವರಾಗಿ ಬರುವುದನ್ನು ಒಂದು ಸಲವೂ ತಪ್ಪಿಸಲಿಲ್ಲ.

ಬೀಸುಕಲ್ಲು

ಗಡಹಿಂಗ್ಲಜದ ಹೈಸ್ಕೂಲಿನ ಮಾಸ್ತರರೊಬ್ಬರದು ಇನ್ನೊಂದು ದೋಣಿ. ಇವು ಪ್ರವಾಸದ ದೋಣಿಗಳಾದ್ದರಿಂದ ಪ್ರವಾಸದ ಸಾಮಾನು ಹೇರಿಯೇ ಪರೀಕ್ಷೆ ಮಾಡಬೇಕು. ಮಾಸ್ತರರು ಎರಡು ಗಾದಿ, ಒಂದು ಚೀಲ ಜೋಳ, ಪಾತ್ರೆಗಳು, ಎಲ್ಲದರ ಮೇಲೆ ಒಂದು ಬೀಸುಕಲ್ಲು ಹೇರಿಕೊಂಡು ಬಂದರು.

"ಕಲ್ಲು ಯಾಕ್ರಿ ಮಾಸ್ತರ?"

"ಪ್ರವಾಸದಾಗ ರೊಟ್ಟಿ ಬ್ಯಾಡೇನ್ರಿ?"

ಇಪ್ಪತ್ತೆಂಟು ನಿಮಿಷ ಕೊಟ್ಟೆ. ಪಂದ್ಯದ ದಿನ ನೋಡಿದರೆ ಅದೇ ದೋಣಿ ನೀರಿನ ಮೇಲೆ ನಾಲ್ಕು ಬೆರಳು ಎದ್ದು ನಿಂತಿದೆ. ಕೇಳಿದ್ದಕ್ಕೆ ಮಾಸ್ತರರು ಗಂಭೀರವಾಗಿ, "ಬಿಸಲಿಗೆ ಒಣಗೈತ್ರಿ," ಅಂದರು. ವಿಜ್ಞಾನ ಕಲಿಸುವವರು, ನಾನು ಏನು ಹೇಳಲಿ?

ಅಷ್ಟರಲ್ಲಿ ಅವರ ಹೆಂಡತಿ ರಿಕ್ಷಾದಿಂದ ಇಳಿದರು. ಮನೆಯಲ್ಲಿ ಬೀಸುಕಲ್ಲು ಇಲ್ಲದ್ದನ್ನು ನೋಡಿ ಹುಡುಕಿಕೊಂಡು ಬಂದಿದ್ದರು. ಅದು ದಂಡೆಯ ಜಾಲಿ ಗಿಡದ ಹಿಂದೆ ಜೋಳದ ಚೀಲದ ಪಕ್ಕ ಸಿಕ್ಕಿತು.

"ತವರಮನಿಂದ ತಂದ ಕಲ್ಲ ಇದು. ದೋಣ್ಯಾಗ ಇಡ್ತೀನಂತ ಒಯ್ದೀರಿ, ದೋಣ್ಯಾಗ ಇಡ್ರಿ. ನಾನೂ ಬರ್ತೇನಿ, ಕಾಯಾಕ."

ಅವತ್ತಿನಿಂದ ಪ್ರತಿ ಪಂದ್ಯದಲ್ಲೂ ಬೀಸುಕಲ್ಲು ದೋಣಿಯಲ್ಲಿ, ಬೀಸುಕಲ್ಲಿನ ಮೇಲೆ ಅವರು. ಎರಡನೆಯ ಪಂದ್ಯ ಮುಗಿದ ಮೇಲೆ ಮಾಸ್ತರರು ನನ್ನ ಹತ್ತಿರ ಬಂದು, ಇನ್ನೂ ನಾಲ್ಕು ನಿಮಿಷ ಸವಲತ್ತು ಬೇಕು ಅಂದರು.

"ಯಾವ ಕಾರಣಕ್ಕ್ರಿ?" ಎಂದು ಕೇಳಿದೆ.

ಮಾಸ್ತರರು ಹಿಂದೆ ತಿರುಗಿ ನೋಡಿದರು. ಹೆಂಡತಿ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ನಿಂತಿದ್ದರು.

"ಏನ ಕಾರಣ ಇಲ್ರಿ," ಅಂದರು.

ಮುಂದೆ ಇರುವವರು

ಒಂದು ಭಾನುವಾರ ಗಾಳಿಯೇ ಇಲ್ಲ. ನಡು ಮಧ್ಯಾಹ್ನ, ಐದೂ ದೋಣಿ ನೀರಿನ ಮೇಲೆ ಮೊಳೆ ಹೊಡೆದ ಹಾಗೆ ನಿಂತಿವೆ. ನಾನು ದಂಡೆಯ ಮೇಲೆ ವಾಚು ಹಿಡಿದು ಕೂತಿದ್ದೆ. ಕುರಿ ಮೇಯಿಸುತ್ತ ಬಂದ ಅಜ್ಜನೊಬ್ಬ ಕೋಲೂರಿ ಪಕ್ಕದಲ್ಲಿ ನಿಂತ.

"ಏನ್ ನಡದೈತ್ರಿ?"

"ಶರ್ಯತ್ತು ಅಜ್ಜಾ. ಓಟ."

ಅಜ್ಜ ಐದೂ ದೋಣಿಗಳನ್ನು ನಿಧಾನಕ್ಕೆ ನೋಡಿದ. ಒಂದೂ ಅಲುಗಲಿಲ್ಲ.

"ಓಟ?"

"ಹೌದು."

"ಯಾರ ಮುಂದ ಅದಾರ?"

ನಾನು ಪಟ್ಟಿ ನೋಡಿ, ಎಲ್ಲರಿಗಿಂತ ಹಿಂದೆ ನಿಂತಿದ್ದ ಮಾಸ್ತರರ ದೋಣಿಯನ್ನು ತೋರಿಸಿದೆ. "ಅಕಾ, ಅವರು."

"ಮತ್ತ ಆ ಎಲ್ಲಾರ್ಕಿಂತ ಮುಂದ ಇದ್ದಂವಾ?"

"ಅವರು ಈಗ ಮೂರನೇದವರು."

"ಆ ತಗಡಿಂದು?"

"ಅವರು ನಮ್ಮ ಮಾವ. ಅವರಿಗೆ ಮೂವತ್ತ ನಿಮಿಷ ಬರೋದಿತ್ತು. ಬ್ಯಾಡಂದ್ರು."

ಅಜ್ಜ ಕೋಲನ್ನು ಪಕ್ಕಕ್ಕಿಟ್ಟ. ಹೆಗಲಿನ ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟ, ತನ್ನ ಛತ್ರಿ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದ. "ಬಿಸಲ ಭಾಳ ಐತ್ರಿ. ಸಾವಕಾಶ ಕುಡೀರಿ. ಮನ್ಯಾಗ ಯಾರರ ಅದಾರಿಲ್ಲೊ?"

ಗುಲಾಲು

ಈ ಸಲ ಮಳೆಗಿಂತ ಮುಂಚಿನ ಕೊನೆಯ ಪಂದ್ಯ ಜೂನ್ ಮೊದಲ ವಾರಕ್ಕೆ ಬಿತ್ತು. ಬೆಳಿಗ್ಗೆಯಿಂದಲೇ ಪಡುವಣ ಗಾಳಿ ಛತ್ರಿ ಮಗುಚುವ ಹಾಗೆ ಬೀಸುತ್ತಿತ್ತು. ನಾಲ್ಕು ದೋಣಿಯವರು ಹೆದರಿ ಹಾಯಿಯನ್ನು ಅರ್ಧಕ್ಕೆ ಇಳಿಸಿದರು. ಮಾವನ ಹಾಯಿ ಪೂರ್ತಿ ಮೇಲಿತ್ತು.

ದಂಡೆಯಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಹಿಡಿದಿದ್ದಳು. "ಅಪ್ಪನ ಧೈರ್ಯ ನೋಡ್ರಿ. ಹಾಯಿ ಇಳಸವಲ್ರು."

ಇಳಿಸಲಿಲ್ಲ, ಯಾಕೆಂದರೆ ಇಳಿಯಲಿಲ್ಲ. ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು. ಹಗುರ ದೋಣಿಗಳೆಲ್ಲ ಅತ್ತಿತ್ತ ಹೊರಳಾಡುತ್ತಿದ್ದಾಗ, ಆ ತಗಡಿನ ದೋಣಿ ಕಬ್ಬು ತುಂಬಿದ ಟ್ರಾಲಿ ಇಳಿಜಾರಿಗೆ ಬಿಟ್ಟ ಹಾಗೆ ನೆಟ್ಟಗೆ ಬಂತು. ಒಂದೂವರೆ ತಾಸಿನಲ್ಲಿ ಗೆರೆ ದಾಟಿತು. ನೂಲಿನ ವ್ಯಾಪಾರಿ ಬಂದದ್ದು ಮೂರು ನಿಮಿಷದ ಮೇಲೆ. ಉಳಿದವರು ಒಬ್ಬರ ಹಿಂದೆ ಒಬ್ಬರು ಬಂದರು. ಬೀಸುಕಲ್ಲಿನ ಸಮೇತ ಮಾಸ್ತರರು ಎಲ್ಲರಿಗಿಂತ ಕೊನೆಗೆ.

ನಾನು ಲೆಕ್ಕ ಓದುವವರೆಗೆ ಗುಲಾಲಿನ ಚೀಲ ಅಧ್ಯಕ್ಷರ ಜೀಪಿನಲ್ಲೇ ಇರಬೇಕು ಎಂಬುದು ನಮ್ಮ ಪದ್ಧತಿ. ಅವತ್ತು ಲೆಕ್ಕ ಅಂತ ಒಂದಿದೆ ಎನ್ನುವುದೇ ಎಲ್ಲರಿಗೂ ಮರೆತುಹೋಯಿತು. ಎರಡು ವರ್ಷ ಐದನೆಯವರಾಗಿ ಬಂದ ಮನುಷ್ಯ ಮೊದಲು ಬಂದಿದ್ದಾನೆ, ಯಾರು ಸುಮ್ಮನೆ ನಿಲ್ಲುತ್ತಾರೆ? ಅಧ್ಯಕ್ಷರೇ ಚೀಲ ಹರಿದರು. ವ್ಯಾಪಾರಿ ಎರಚಿದರು, ಸಾವಕಾರರು ದೋಣಿಯ ಕೆಳಗಿನ ಆ ಬಕೆಟ್ಟನ್ನೇ ಬಿಚ್ಚಿ ತಂದು ತುಂಬಿ ಸುರಿದರು. ಮಾವ ಕೈ ಕಟ್ಟಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಕನ್ನಡಕ, ಮೀಸೆ, ಬಿಳಿ ಅಂಗಿ, ಎಲ್ಲ ಗುಲಾಬಿ.

ನಾನು ಜಾಲಿ ಗಿಡದ ಕೆಳಗೆ ಕೂತು ಲೆಕ್ಕ ಮುಗಿಸಿದೆ. ಎರಡು ಸಲ ಹಾಕಿ ನೋಡಿದೆ. ಹೆಂಡತಿ ಬಂದಳು.

"ಅಪ್ಪ ಎಷ್ಟನೇದವ್ರು?"

"ಐದನೇದವ್ರು."

"ಇರೂದು ಎಷ್ಟ ದೋಣಿ?"

"ಐದ."

ಎಲ್ಲರ ನಿಮಿಷ ಕಳೆದರೆ ಕೊನೆಗೆ ಬಂದ ಮಾಸ್ತರರು ಮೊದಲಿಗರು. ಸೊನ್ನೆಯ ಮಾವ ಕೊನೆಯವರು. ಆ ಮೂವತ್ತು ನಿಮಿಷ ತಗೊಂಡಿದ್ದರೆ ಹದಿನೇಳು ನಿಮಿಷದಿಂದ ಗೆಲ್ಲುತ್ತಿದ್ದರು. ಹೆಂಡತಿ, "ಆ ಪೆನ್ಸಿಲ್ ನೀರಾಗ ಒಗದ ಬರ್ರಿ," ಅಂದಳು. ನನಗೂ ಹಾಗೇ ಅನಿಸಿತು. ಮಗ್ಗದ ರಿಪೇರಿ ಬಿಟ್ಟು ಈ ಕೆಲಸಕ್ಕೆ ಯಾಕೆ ಬಂದೆನೋ ಎಂದು ನಿಜವಾಗಿಯೂ ಸಂಕಟವಾಯಿತು. ಚೀಟಿ ಹಿಡಿದು ಮಾವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಗೊತ್ತೈತಿ," ಅಂದರು. "ಗೆರಿ ದಾಟಿ ಹಿಂದ ನೋಡಿದ್ನಿ. ಎಲ್ಲಾರೂ ಭಾಳ ಹತ್ರ ಇದ್ರು. ಅವಾಗ ಲೆಕ್ಕ ಹಾಕೇನಿ."

"ಏನ ಮಾಡೂಣ್ರಿ ಮಾವಾರ?"

ಅವರು ಅಂಗಿ ನೋಡಿಕೊಂಡರು. "ಬಿದ್ದ ಗುಲಾಲ ತಿರಗಿ ಚೀಲದಾಗ ತುಂಬಾಕ ಬರ್ತೈತೇನು?"

"ಇಲ್ರಿ."

"ಹಂಗಾದ್ರ ಓದ್ರಿ. ಜೋರಾಗಿ ಓದ್ರಿ."

ಓದಿದೆ. ಸಾವಕಾರರು ಖಾಲಿ ಬಕೆಟ್ಟನ್ನು ಕೆಳಗಿಟ್ಟರು. ಮಾಸ್ತರರು ಗುಲಾಬಿ ಕೈಯಲ್ಲಿ ಗೆದ್ದವರ ಹಿತ್ತಾಳೆ ತಂಬಿಗೆ ತಗೊಂಡು, ಕದ್ದವರ ಹಾಗೆ ಹೆಂಡತಿಯ ಚೀಲದೊಳಗೆ ಇಳಿಸಿದರು. ಆಗ ಅಧ್ಯಕ್ಷರಿಗೆ ನಿಯಮ ನೆನಪಾಯಿತು: ಗೆರೆ ಮೊದಲು ದಾಟಿದವರಿಗೆ ಐದು ನಿಮಿಷ ಕಡಿತ.

"ಸೊನ್ನ್ಯಾಗ ಐದು ಹೆಂಗ ಕಳೀತೀರಿ?" ಮಾವ ಕೇಳಿದರು.

"ಮುಂದಿನ ಸಲ ನಿಮ್ಮ ಹೊತ್ತಿಗೆ ಐದ ನಿಮಿಷ ಕೂಡಸ್ತೇವ್ರಿ," ಅಂದೆ.

"ಅಂದ್ರ ನಾನು ಉಳಿದವರಿಗೆ ಐದ ನಿಮಿಷ ಬಿಟ್ಟ ಕೊಟ್ಟಂಗ ಆತು?"

"ಹಂಗ ಅನ್ನಬಹುದ್ರಿ."

ಗುಲಾಬಿ ಮೀಸೆಯ ಕೆಳಗೆ ಮಾವ ನಕ್ಕರು. ನನ್ನ ಮದುವೆಯ ದಿನವೂ ಅವರು ಅಷ್ಟು ನಕ್ಕಿರಲಿಲ್ಲ. "ಬರೀರಿ ಅಳಿಯಾರ. ದೊಡ್ಡ ಅಕ್ಷರದಾಗ ಬರೀರಿ."

ಆ ಅಂಗಿಯನ್ನು ಒಗೆಯಲು ಅತ್ತೆಗೆ ಇನ್ನೂ ಕೊಟ್ಟಿಲ್ಲ. ಮರುದಿನವೇ ಪೇಂಟರನ್ನು ಕರೆಸಿ ದೋಣಿಯ ಹಿಂದೆ, 'ಆಯೀಚಾ ಆಶೀರ್ವಾದ'ದ ಕೆಳಗೆ, ಕಳೆಯುವ ಚಿಹ್ನೆ ಹಾಕಿಸಿ ಒಂದು ಮೊಳ ಎತ್ತರದ 'ಐದು' ಬರೆಸಿದರು. ಮಳೆಗಾಲ ಮುಗಿದು ಪಂದ್ಯ ಮತ್ತೆ ಶುರುವಾಗಿದೆ. ಆ ಕಡಿತ ಒಂದೇ ಪಂದ್ಯಕ್ಕಿದ್ದದ್ದು, ಆದರೆ ತೆಗೆಯಲು ಅವರು ಬಿಟ್ಟಿಲ್ಲ. ಮಾವ ಮತ್ತೆ ಪ್ರತಿ ಸಲವೂ ಐದನೆಯವರಾಗಿ ಬರುತ್ತಿದ್ದಾರೆ. ಯಾರಾದರೂ ಕೇಳಿದರೆ ಗದ್ದದಿಂದ ದೋಣಿಯ ಹಿಂಭಾಗ ತೋರಿಸುತ್ತಾರೆ.

"ಎಲ್ಲಾರಿಗೂ ಐದೈದ ನಿಮಿಷ ಕೊಟ್ಟೇನಲ್ರಿ. ಪಾಪ, ಅವರೂ ಗೆಲ್ಲಲಿ."