ಓಡಾಡುವ ಚುಕ್ಕೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎಳ್ಳಿನ ಗಾತ್ರದ ಒಂದು ಚುಕ್ಕೆ. ಬೆಳಗ್ಗೆ ಮೇಸ್ತ್ರಿ ಕಾರಿನ ಹೊಸ ಕಾರ್ಬನ್ ಫೈಬರ್ ಬಾನೆಟ್ಟನ್ನು ದೊಡ್ಡ ಬಿಳಿ ದೀಪದ ಕೆಳಗೆ ಮಲಗಿಸಿ ನೋಡಿ, ಚುಕ್ಕೆಯ ಸುತ್ತ ಹಳದಿ ಟೇಪು ಅಂಟಿಸಿದರು.

"ಮೋಡಾ, ಇದನ್ನ ತೆಗಿ. ಐದಕ್ಕೆ ಬರ್ತೀನಿ. ಚುಕ್ಕೆ ಉಳಿದ್ರೂ ನೀನು ಶೆಡ್ಡಿಗೆ, ಲ್ಯಾಕರ್ ಸುಟ್ರೂ ನೀನು ಶೆಡ್ಡಿಗೆ."

ಮೋಡ ಎನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಅವನ ದೇಹ ಇಲ್ಲಿದ್ದರೂ ಮನಸ್ಸು ಎಲ್ಲೋ ತೇಲುತ್ತಿರುತ್ತಿತ್ತು. ಹೋದ ವಾರ ಒಂದು ಕನ್ನಡಿ ಕವಚಕ್ಕೆ ಪಾಲಿಶ್ ಹಿಡಿಯುತ್ತ, ತಾನು ದೋಣಿಯಲ್ಲಿದ್ದೇನೆಂದು ಭ್ರಮಿಸಿ ಮಷಿನ್ನನ್ನು ಒಂದೇ ಕಡೆ ಊರಿಬಿಟ್ಟಿದ್ದ. ಈ ಕೆಲಸದಲ್ಲಿ ಅದೊಂದೇ ಮಹಾಪಾಪ. ತಿರುಗುವ ಪ್ಯಾಡು ನಿಂತಲ್ಲೇ ನಿಂತರೆ ಬಿಸಿಯೇರಿ, ಮೇಲಿನ ಗಾಜಿನಂಥ ಲ್ಯಾಕರ್ ಪದರ ಸುಟ್ಟು ಒಳಗಿನ ಕಾರ್ಬನ್ ನೂಲಿನ ನೇಯ್ಗೆ ಹಲ್ಲು ಕಿರಿಯುತ್ತದೆ. ಶೆಡ್ಡು ಎಂದರೆ ಹಿತ್ತಲಿನ ಉಜ್ಜುವ ಶೆಡ್ಡು. ಅಲ್ಲಿ ಹಸಿ ಭಾಗಗಳನ್ನು ಉಪ್ಪುಕಾಗದದಿಂದ ತಿಕ್ಕಬೇಕು. ಆ ಕರಿ ಧೂಳು ಮೈಗೆ ಅಂಟಿದರೆ ಮೂರು ದಿನ ತುರಿಕೆ. ತುರಿಕೆಯಿದ್ದರೆ ನಿದ್ದೆಯಿಲ್ಲ, ನಿದ್ದೆಯಿಲ್ಲದೆ ಕನಸಿಲ್ಲ. ಮೋಡನಿಗೆ ಊಟ ತಪ್ಪಿದರೂ ನಡೆದೀತು, ಕನಸು ತಪ್ಪುವಂತಿಲ್ಲ.

ಸ್ಪಂಜಿನ ಪ್ಯಾಡಿಗೆ ಪೇಸ್ಟು ಹಚ್ಚಿ ಮಷಿನ್ ಚಾಲೂ ಮಾಡಿದ. ಗುಂಯ್ ಎಂಬ ಸದ್ದು ಕಿವಿ ದಾಟಿ ಎದೆಗಿಳಿಯಿತು. ಲ್ಯಾಕರಿನಡಿಯ ಕಪ್ಪು ನೇಯ್ಗೆ, ನಿಂತ ನೀರಿನ ತಳದಲ್ಲಿ ಯಾರೋ ಹಾಸಿಟ್ಟ ಚಾಪೆಯ ಹಾಗೆ ಮಿನುಗಿತು. ಬಾ, ಬಂದು ಮಲಗು ಎಂದಿತು. ಇನ್ನೇನು ಇಳಿದೇಬಿಡಬೇಕು, ಅಷ್ಟರಲ್ಲಿ ಶೆಡ್ಡು ನೆನಪಾಯಿತು. ಕಣ್ಣುಜ್ಜಿಕೊಂಡು ಚುಕ್ಕೆ ಹುಡುಕಿದರೆ, ಅದು ಟೇಪಿನಿಂದ ಒಂದು ಗೇಣು ಆಚೆಗಿತ್ತು!

ಮೇಸ್ತ್ರಿ ಆರಡಿ ಎತ್ತರ, ಮೋಡ ಐದಕ್ಕೂ ಚೂರು ಕಡಿಮೆ. ಈ ಲೆಕ್ಕ ಆಗ ಯಾರ ತಲೆಗೂ ಹೊಳೆಯಲಿಲ್ಲ.

"ಪೇಂಟರಣ್ಣಾ, ಈ ಚುಕ್ಕೆ ಓಡಾಡ್ತಿದೆ."

"ಓಡಾಡ್ತಿರೋದು ನಿನ್ನ ತಲೆ ಕಣೋ," ಎನ್ನುತ್ತ ಪೇಂಟರ್ ಬಾನೆಟ್ಟಿನ ಆಚೆ ಬದಿಗೆ ಬಂದು ನಿಂತ. "ಚುಕ್ಕೆ ಇರೋದು ಇಲ್ಲಿ, ನೀನು ಉಜ್ತಿರೋದು ಅಲ್ಲಿ. ಹಲ್ಲು ನೋವಿಗೆ ಮೊಣಕಾಲಿಗೆ ಎಣ್ಣೆ ಹಚ್ಚೋ ಜಾತಿ ನೀನು. ಸ್ಪಂಜು ಬಿಸಾಕಿ ಉಣ್ಣೆ ಪ್ಯಾಡ್ ಹಾಕು. ಒತ್ತಿ ಹಿಡಿ!"

"ಒತ್ತಬೇಡ್ವೋ!" ಸ್ಟೋರಿನ ಅಕ್ಕ ಬೀಗದ ಕೈ ಗೊಂಚಲು ಸಮೇತ ಓಡಿಬಂದಳು. "ಇದೇನು ತಳ ಹಿಡಿದ ಪಾತ್ರೆನಾ? ನೀರು ಚಿಮುಕಿಸಿ ಮೆಲ್ಲಗೆ ಉಜ್ಜು. ಅಲ್ಲ, ಇಬ್ಬರಿಗೂ ಕಣ್ಣಿಲ್ವಾ? ಚುಕ್ಕೆ ಇರೋದು ಇಲ್ಲಿ!"

ಈಗ ಚುಕ್ಕೆ ಮೂರು ಕಡೆ ಇತ್ತು. ಮೋಡ ಮೂರೂ ಕಡೆ ಉಜ್ಜಿದ. ಒಮ್ಮೆ ಒತ್ತಿ, ಒಮ್ಮೆ ಮೆಲ್ಲಗೆ. ಅವನು ಬಾಗಿದರೆ ಚುಕ್ಕೆ ಓಡುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ನಾಲ್ಕರ ಹೊತ್ತಿಗೆ ಬಾನೆಟ್ಟು ಜ್ವರ ಬಂದವರ ಹಣೆಯ ಹಾಗೆ ಬೆಚ್ಚಗಾಗಿತ್ತು. ಇನ್ನೊಂದು ಸುತ್ತು ಉಜ್ಜಿದರೆ ಲ್ಯಾಕರ್ ಉಳಿಯುವ ಭರವಸೆಯಿರಲಿಲ್ಲ.

"ಮೇಲಿಂದ ನೋಡು, ಸಿಕ್ಕಿಬೀಳುತ್ತೆ," ಎಂದ ಪೇಂಟರ್. ಅಕ್ಕ ಗಾಲಿ ಇದ್ದ ಸ್ಟೂಲು ತಂದಳು. ಮೋಡ ಹತ್ತಿದ. ಅಕ್ಕ ಹಿಡಿದಿದ್ದಾಳೆಂದು ಪೇಂಟರ್, ಪೇಂಟರ್ ಹಿಡಿದಿದ್ದಾನೆಂದು ಅಕ್ಕ, ಇಬ್ಬರೂ ಕೈಕಟ್ಟಿ ಚುಕ್ಕೆ ನೋಡುತ್ತಿದ್ದರು. ಸ್ಟೂಲು ತನ್ನ ಪಾಡಿಗೆ ತಾನು ಹೊರಟಿತು. ಮೋಡ ಅಂಗಾತ ನೆಲಕ್ಕೆ ಬಿದ್ದ.

"ಅಯ್ಯೋ, ನೀರು!" ಎಂದು ಒಬ್ಬ, "ಮುಲಾಮು!" ಎಂದು ಇನ್ನೊಬ್ಬಳು ಓಡಿದರು.

ಬಿದ್ದಲ್ಲಿ ಹಾಯಾಗಿತ್ತು. ಮೇಲೆ ಬಿಳಿ ಆಕಾಶ. ಎಲ್ಲೂ ಸದ್ದಿಲ್ಲ. ಸತ್ತಿದ್ದರೆ ಪರವಾಗಿಲ್ಲ, ಶೆಡ್ಡಿಗಿಂತ ವಾಸಿ ಎಂದುಕೊಂಡ. ಆದರೆ ಆಕಾಶದ ನಡುವೆಯೂ ಅದೇ ಚುಕ್ಕೆ! ರೆಪ್ಪೆ ಬಡಿದು ನೋಡಿದ. ಚುಕ್ಕೆಗೆ ಆರು ಕಾಲಿದ್ದವು.

ಅದು ಆಕಾಶವಲ್ಲ, ದೀಪ. ದೀಪದ ಗಾಜಿಗೆ ಸತ್ತ ನೊಣವೊಂದು ಅಂಟಿಕೊಂಡಿತ್ತು. ಬೆಳಗಿನಿಂದ ಅವನು ಉಜ್ಜಿದ್ದು ನೊಣದ ಪ್ರತಿಬಿಂಬವನ್ನು.

ಮೋಡ ಧಡಕ್ಕನೆ ಎದ್ದು, ಸ್ಟೂಲು ಹತ್ತಿ, ಬಟ್ಟೆಯಿಂದ ಗಾಜು ಒರೆಸಿ, ಬಟ್ಟೆಗಂಟಿದ ನೊಣವನ್ನು ಪಕ್ಕದ ನೀರಿನ ಬಕೆಟ್ಟಿಗೆ ಜಾಡಿಸಿದ. ಬಾನೆಟ್ಟು ಹುಣ್ಣಿಮೆಯ ಕೊಳದ ಹಾಗೆ ನಿರ್ಮಲವಾಗಿತ್ತು.

"ನೀರು ಹಾಕಿದ್ದಕ್ಕೇ ಹೋಯ್ತು," ಎಂದಳು ವಾಪಸು ಬಂದ ಅಕ್ಕ, ಬಕೆಟ್ಟಿನ ಗಲೀಜು ನೀರನ್ನು ಮೋರಿಗೆ ಚೆಲ್ಲುತ್ತ.

"ಒತ್ತಿದ್ದಕ್ಕೆ!" ಎಂದ ಪೇಂಟರ್.

ಐದಕ್ಕೆ ಮೇಸ್ತ್ರಿ ಬಂದು ನಾಲ್ಕೂ ದಿಕ್ಕಿನಿಂದ ನೋಡಿದರು. "ಹೇಗೋ ತೆಗೆದೆ?"

ನಿಜ ಹೇಳಬಹುದಿತ್ತು. ಆದರೆ ಮೇಸ್ತ್ರಿಯ ಬಾಯಲ್ಲಿ ಮೆಚ್ಚುಗೆ ಕೇಳಿದ್ದು ಅದೇ ಮೊದಲು. ಮೋಡ ತೇಲಿಬಿಟ್ಟ. "ಕೈಗುಣ, ಮೇಸ್ತ್ರಿ."

"ಭೇಷ್! ಇನ್ನು ಮಷಿನ್ ನಿಂದೇ. ಇದೇ ಚುಕ್ಕೆ ಇದೆ ಅಂತ ಮೂರು ದಿನದಲ್ಲಿ ಒಂಬತ್ತು ಬಾನೆಟ್ ತೆಗೆದು ಶೆಡ್ಡಿಗೆ ಹಾಕಿಸಿದ್ದೆ. ತರಿಸ್ತೀನಿ. ನನ್ನ ಕಣ್ಣೆದುರೇ ಒಂದು ಕೈ ತೋರಿಸು."

ಒಂಬತ್ತೂ ಬಂದವು. ಒಂದೊಂದಾಗಿ ದೀಪದಡಿ ಇಟ್ಟರು. ಒಂದರಲ್ಲೂ ಚುಕ್ಕೆಯಿಲ್ಲ.

"ಮೇಸ್ತ್ರಿ," ಪೇಂಟರ್ ಗಂಟಲು ಸರಿಮಾಡಿಕೊಂಡ, "ಹಾಗಾದ್ರೆ ನೀವು ಬೇಡ ಅಂದಿದ್ದೆಲ್ಲ ಚೆನ್ನಾಗಿರೋ ಮಾಲು..."

ಮೇಸ್ತ್ರಿ ದುರುಗುಟ್ಟಿದರು. ಅವರ ಕಣ್ಣು ತಪ್ಪಿದ ಚರಿತ್ರೆಯಿಲ್ಲ. ಗಡ್ಡ ಕೆರೆದುಕೊಂಡು, ಆಮೇಲೆ ಮುಖವರಳಿಸಿ ಹೇಳಿದರು: "ಗೊತ್ತಾಯ್ತು! ಶೆಡ್ಡಿನ ಹವಾ. ಅಲ್ಲಿ ಇಟ್ರೆ ಲ್ಯಾಕರ್ ಹದವಾಗಿ ಆರಿ ಚುಕ್ಕೆ ತಾನಾಗೇ ಹೋಗುತ್ತೆ. ಮತ್ತೆ ಮಷಿನ್ ಹಚ್ಚಿ ಪದರ ಯಾಕೆ ಸವೆಸೋದು?"

"ಮೇಸ್ತ್ರಿ, ಅದು ದೀಪದ ಮೇಲೆ ನೊಣ ಇತ್ತು!" ಎಂದು ಕೂಗಿದ ಮೋಡ.

ಮೇಸ್ತ್ರಿ ಕತ್ತೆತ್ತಿ ದೀಪ ನೋಡಿದರು. ಎಲ್ಲರೂ ನೋಡಿದರು. "ಎಲ್ಲಿ ನೊಣ?"

"ಬಕೆಟ್ನಲ್ಲಿ..." ಬಕೆಟ್ಟು ಖಾಲಿ ಬಾಯಿ ತೆರೆದು ಕೂತಿತ್ತು.

"ಮತ್ತೆ ಕನಸಾ?" ಎಂದಳು ಅಕ್ಕ, ಮರುಕದಿಂದ.

"ಪೆಟ್ಟು ತಲೆಗೇ ಬಿದ್ದಿರಬೇಕು," ಎಂದ ಪೇಂಟರ್.

ಮೇಸ್ತ್ರಿ ಮೋಡನ ಹೆಗಲು ತಟ್ಟಿದರು. "ಕೈಗುಣ ಇರೋನು ನೀನೇ ಅಲ್ಲಿರಬೇಕಪ್ಪ. ನಾಳೆಯಿಂದ ಶೆಡ್ಡಿನಲ್ಲಿ ಮಾಲು ಕಾಯೋದು ನಿನ್ನ ಜವಾಬ್ದಾರಿ. ಸುಮ್ನೆ ಕೂರೋ ಬದಲು ಉಜ್ತಾ ಇರು."

ಮೋಡ ತನ್ನ ಊಟದ ಡಬ್ಬಿ ಎತ್ತಿಕೊಂಡು ಬಾಗಿಲ ಬಳಿ ಒಮ್ಮೆ ಹಿಂತಿರುಗಿ ನೋಡಿದ. ಕಿಟಕಿಯಿಂದ ಬಂದ ಒಂದು ನೊಣ ದೀಪಕ್ಕೆ ಎರಡು ಸುತ್ತು ಹಾಕಿ, ಗಾಜಿನ ಮೇಲೆ ಕೂತು, ಕೆಲಸ ಕಾಯಂ ಆದವರ ಹಾಗೆ ನಿಧಾನವಾಗಿ ಕೈ ಉಜ್ಜಿಕೊಂಡಿತು.