ಮಾಮಾ ಸದ್ಯ ದ್ರಾಕ್ಷಿ ತೋಟದಲ್ಲಿದ್ದಾರೆ

ನಮ್ಮ ಮಾಮಾನಷ್ಟು ಅಪಾಯಕಾರಿ ಮನುಷ್ಯ ಕಾಗವಾಡ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಏನಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ! ಚಿಕ್ಕೋಡಿಯಲ್ಲಿ ವರದಿಗಾರನಾಗಿ ತಲೆ ನೆರೆಸಿಕೊಂಡ ನನಗೆ, ಒಬ್ಬರು ಹೇಳಿದ್ದನ್ನು ಇನ್ನಿಬ್ಬರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವುದೇ ಕಸುಬು. ಮಾಮಾನ ಎದುರು ಈ ಕಸುಬಿಗೆ ಕೆಲಸವೇ ಇಲ್ಲ.

ಅವರ ಮನೆಯ ಬಾಗಿಲಿಗೆ ಒಂದು ಪಾಟಿ ತೂಗುಹಾಕಿದ್ದಾರೆ. ಅಥಣಿಯಿಂದ ಬೀಗರು ಬಂದ ದಿನ ಅದರ ಮೇಲೆ ಹೀಗೆ ಬರೆದಿತ್ತು: "ಮನೆಯಲ್ಲಿದ್ದೇನೆ. ಮಾತಾಡುವ ಮನಸ್ಸಿಲ್ಲ. ಐದಕ್ಕೆ ಬನ್ನಿ." ಬೀಗರು ಐದಕ್ಕೆ ಬರಲಿಲ್ಲ. ಐದು ತಿಂಗಳು ಬರಲಿಲ್ಲ.

"ಮಂದಿ ಮನ್ಯಾಗ 'ಅವರು ಊರಾಗಿಲ್ಲ' ಅಂತ ಹೇಳಿ ಕಳಸ್ತಾರ್ರಿ," ಎಂದು ಮಾಮಿ ಗೊಣಗಿದರು.

"ಊರಾಗ ಇದ್ನಲ್ಲ!" ಎಂದರು ಮಾಮಾ.

ಇಂಥವರು ಕಂಪ್ಯೂಟರ್ ಕಲಿತರೆ ಏನಾಗಬೇಕು?

ಅವರದು ಐವರು ಅಣ್ಣತಮ್ಮಂದಿರು ಹಂಚಿಕೊಂಡ ಬಾವಿ. ಒಬ್ಬೊಬ್ಬರಿಗೆ ಇಂತಿಷ್ಟು ತಾಸು ನೀರು ಎಂಬುದು ಪಾಳಿ. ನಡುವೆ ಕರೆಂಟು ಹೋದರೆ, ಹೋದ ತಾಸು ಯಾರದು? ಈ ಒಂದು ಪ್ರಶ್ನೆಗೆ ನಮ್ಮ ಕಡೆ ಒಡಹುಟ್ಟಿದವರು ಮಾತು ಬಿಟ್ಟಿದ್ದಾರೆ, ಸಲಿಕೆಯನ್ನೂ ಎತ್ತಿದ್ದಾರೆ. ಬಿ.ಎಸ್ಸಿ. ಮುಗಿಸಿ ಒಕ್ಕಲುತನಕ್ಕಿಳಿದ ಮಾಮಾ, ಏಳು ವರ್ಷದ ಹಿಂದೆ ಈ ಜಗಳ ಬಿಡಿಸಲೆಂದೇ ಒಂದು ತಂತ್ರಾಂಶ ಬರೆದರು. ಹೆಸರು 'ಪಾಳಿ'. ಬರೆದದ್ದನ್ನು ಅಂತರ್ಜಾಲದಲ್ಲಿ ತೆರೆದಿಟ್ಟರು. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದಬಹುದು. ಹೊಳೆ ದಂಡೆಯ ಹಲವು ಊರುಗಳಲ್ಲಿ, ಗಡಿಯಾಚೆಯೂ, ಅದು ಓಡತೊಡಗಿತು.

ಇಂಥ ತಂತ್ರಾಂಶಕ್ಕೆ ಒಂದು ಮುಖಪುಟ ಇರುತ್ತದೆ. ಇದನ್ನು ಈಗಲೂ ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ ಎಂಬುದನ್ನು ಬಳಸುವವರು ಅಲ್ಲಿ ನೋಡುತ್ತಾರೆ. ಕುತೂಹಲಕ್ಕೆ ನಾನೂ ಬೇರೆಯವರ ಒಂದಷ್ಟು ಪುಟಗಳನ್ನು ತೆರೆದೆ. ಬಹಳ ಕಡೆ ಒಂದೇ ಮಂತ್ರ: 'ಸಕ್ರಿಯ ನಿರ್ವಹಣೆಯಲ್ಲಿದೆ'. ದಿನಾಂಕ ನೋಡಿದರೆ ನಾಲ್ಕು ವರ್ಷದಿಂದ ಒಬ್ಬರೂ ಕೈ ಹಚ್ಚಿಲ್ಲ! 'ವಿಚಾರಣೆ' ಎಂಬ ಫಲಕದ ಕೆಳಗೆ ಖಾಲಿ ಕುರ್ಚಿ ಇದ್ದ ಹಾಗೆ.

ಮಾಮಾನ ಪುಟ ಹೀಗಿತ್ತು:

"ದ್ರಾಕ್ಷಿ ಬಳ್ಳಿ ಕತ್ತರಿಸುವ ಕಾಲ. ಹದಿನೈದು ದಿನ ಈ ಕಡೆ ಮುಖ ಹಾಕುವುದಿಲ್ಲ."

"ಇಂದು ಎರಡು ತಾಸು ಕೂತೆ. ತಪ್ಪು ಸಿಕ್ಕಿತು. ತಿದ್ದಲು ಬೇಸರ ಬಂತು."

"ಮಗಳ ಮನೆಗೆ ಹೋಗಿದ್ದೆ. ಹೋಳಿಗೆ. ಕೆಲಸ ಆಗಿಲ್ಲ."

ತಂತ್ರಾಂಶದ ಇತಿಹಾಸದಲ್ಲಿ ಹೋಳಿಗೆ ಕಾಲಿಟ್ಟದ್ದು ಬಹುಶಃ ಇದೇ ಮೊದಲು. ಹೊರದೇಶದ ಯಾರೋ ಯಂತ್ರಾನುವಾದದಲ್ಲಿ ಇದನ್ನು ಓದಿ, ಹೋಳಿಗೆಯನ್ನು ಎಲ್ಲಿಂದ ಇಳಿಸಿಕೊಳ್ಳಬೇಕು ಎಂದು ಕೇಳಿದ್ದರು. ಮಾಮಾ ಉತ್ತರ ಬರೆದರು: "ಮನೆಗೇ ಬರಬೇಕು."

ಹೀಗಿರುವಾಗ ಮಂಗಸೂಳಿ ಕಡೆಯಿಂದ ನಲವತ್ತು ಮನೆಗಳ ನೀರಿನ ಗುಂಪೊಂದು 'ಪಾಳಿ'ಯನ್ನು ಬಳಸುವ ವಿಚಾರ ಮಾಡಿತು. ನಲವತ್ತು ಮನೆ! ಮಾಮಾ ಏಳು ವರ್ಷ ಕಾದದ್ದು ಇಂಥದ್ದಕ್ಕೇ. ತೊಡಕು ಒಂದೇ, ಮಾಮಾನಿಗೆ ವರ್ಷಗಳಿಂದ ಗೊತ್ತಿದ್ದದ್ದೇ. ಅಲ್ಲಿ ಹೊಲದ ಕರೆಂಟು ಮುಂಜಾನೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು ಬರುತ್ತದೆ. ನಮ್ಮ 'ಪಾಳಿ' ಎರಡನೆಯ ಹೊತ್ತನ್ನು ಹೊಸ ದಿನವೆಂದೇ ತಿಳಿದು, ಒಬ್ಬನ ನೀರನ್ನು ಇನ್ನೊಬ್ಬನಿಗೆ ಕೊಟ್ಟುಬಿಡುತ್ತಿತ್ತು. ಇದನ್ನು ತಿದ್ದಲು ಮಾಮಾ ತಿಂಗಳುಗಟ್ಟಲೆ ಕೂತರು.

"ಇದನ್ನ ಬರದಾಂವ ಯಾಂವಲೇ ಹುಚ್ಚ?" ಎಂದರು ಒಂದು ದಿನ.

"ನೀವ, ಮಾಮಾ."

"ಹೌದಲಾ! ಏನ್ ಬರದೇನಿ ಅಂತ ನನಗ ತಿಳಿವಲ್ದು."

ಗುಂಪಿನ ಮುಖಂಡರು ಬಂದರು. ಚಹಾ ಕುಡಿದು ಕೇಳಿದರು: "ಸಾಹೇಬ್ರ, 'ನಾವು ನೋಡಾಕತ್ತೇವಿ, ಹೆದರಬ್ಯಾಡ್ರಿ' ಅಂತ ಒಂದು ಸಾಲು ಬರೀರಿ. ಮೀಟಿಂಗಿನ್ಯಾಗ ತೋರಿಸಿದ್ರ ಆತು. ಉಳದದ್ದು ಮುಂದ ನೋಡೂನು."

ನಾನೂ ಒಂದು ದಾರಿ ತೋರಿಸಿದೆ: "ದಿನಾ ಮುಂದ ಕುಂತು ನೋಡತೀರಲ್ಲ ಮಾಮಾ, ಸುಳ್ಳೇನಿಲ್ಲ."

"ನೋಡತೇನಿ. ನಮ್ಮ ಎಮ್ಮಿನೂ ಟಿ.ವಿ. ಕಡೆ ನೋಡತೈತಿ."

ಅವರು ಮುಖಂಡರ ಎದುರಿಗೇ ಕೂತು ಬರೆದರು: "ಇದನ್ನು ಬರೆದವನು ನಾನೇ. ಈಗ ಓದಿದರೆ ನನಗೇ ತಿಳಿಯುತ್ತಿಲ್ಲ. ಎರಡು ಹೊತ್ತು ಕರೆಂಟು ಬರುವ ಊರಿನವರು ಇದನ್ನು ನಂಬಬೇಡಿ. ಸದ್ಯ ಯಾರೂ ನೋಡಿಕೊಳ್ಳುತ್ತಿಲ್ಲ. ನೋಡಿಕೊಳ್ಳುವವರು ಬೇಕಾಗಿದ್ದಾರೆ."

ಮುಖಂಡರು ಓದಿದರು. ಕೈಮುಗಿದು ಮೋಟರ್ ಸೈಕಲ್ ಹತ್ತಿದರು.

"ಮಾರಾಕ ಒಯ್ದ ಎಮ್ಮಿ ಒದಿತೈತಿ ಅಂತ ಸಂತ್ಯಾಗ ತಾವ ಒದರಿದಂಗಾತು!" ಎಂದು ಮಾಮಿ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಅಂದು ಮಾಮಾ ತೋಟಕ್ಕೂ ಹೋಗಲಿಲ್ಲ.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಅಲಖನೂರಿನಿಂದ ಒಬ್ಬ ಹೆಣ್ಣುಮಗಳು ಬಸ್ಸು ಹತ್ತಿ ಬಂದಳು. ರಾಯಬಾಗದ ಒಂದು ಶಾಲೆಯಲ್ಲಿ ಗುಮಾಸ್ತೆ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮಾಮಾನ ಮುಂದಿಟ್ಟಳು. ಎರಡು ಹೊತ್ತಿನ ತೊಡಕನ್ನು ಅವಳು ಹನ್ನೆರಡು ಸಾಲಿನಲ್ಲಿ ಬಿಡಿಸಿದ್ದಳು. ಬಿಡಿಸಿ ಎರಡು ವರ್ಷವಾಗಿತ್ತು!

ಮಾಮಾ ಕನ್ನಡಕ ಏರಿಸಿ ಓದಿದರು. ಬೆರಳಿಟ್ಟು ಒಂದೊಂದು ಸಾಲನ್ನೂ ಕೇಳಿದರು. "ಇದು ಹಿಂಗ್ಯಾಕ, ತಂಗಿ? ಇದು?" ಅವಳು ಹೇಳುತ್ತ ಹೋದಂತೆ ಅವರ ಮುಖ ಅರಳುತ್ತ ಹೋಯಿತು. ಕೊನೆಗೆ ನಾನೇ ಕೇಳಿದೆ: ಎರಡು ವರ್ಷ ಯಾಕೆ ಸುಮ್ಮನಿದ್ದಿರಿ?

"ಇವರು ಪುಟದಾಗ ದಿನಾ ಬರೀತಿದ್ರಲ್ರಿ. ಕೂತೆ, ನೋಡ್ದೆ ಅಂತ. ಹಿರೇರು ಮಾಡಾಕತ್ತಾರ, ನಡಬರಕ ಬಾಯಿ ಹಾಕೂದು ಹೆಂಗಂತ ಬಿಟ್ಟೆ. ತಿಳಿವಲ್ದು ಅಂತ ಬರೆದಿದ್ದು ಮೊನ್ನೆ ಓದಿದ್ನಿ."

"ನಿಮ್ದು ಹೊಲ ಎಷ್ಟೈತಿ?" ಎಂದರು ಮಾಮಾ.

"ನಮಗ ಹೊಲ ಇಲ್ರಿ."

ಮಾಮಾ ನನ್ನ ಮುಖ ನೋಡಿದರು. ಹೊಲವಿಲ್ಲದವರಿಗೆ ಪಾಳಿ ಏತಕ್ಕೆ?

"ನಮ್ಮಪ್ಪ ನಾಕು ಮಂದಿ ಕಬ್ಬಿಗೆ ನೀರು ಬಿಡಾಕ ಹೋಗ್ತಾನ್ರಿ. ಮೊಬೈಲಿನ್ಯಾಗ ನಿಮ್ಮ 'ಪಾಳಿ' ಹೇಳಿದಂಗ ಬಿಡತಿದ್ದ. ಅದು ತಪ್ಪಿದಾಗೆಲ್ಲ ನಾಕೂ ಮಂದಿ ಅವಗ ಬೈಯ್ಯಾವ್ರು. ಮೊಬೈಲಿಗೆ ಯಾರು ಬೈತಾರ್ರಿ? ಅದಕ್ಕ ಒಳಗ ಏನೈತಿ ನೋಡೂನು ಅಂತ ಕಲಿಯಾಕ ಕುಂತ್ನಿ."

ಮಾಮಾ 'ಪಾಳಿ'ಯ ಮುಖಪುಟ ತೆರೆದು, ನೋಡಿಕೊಳ್ಳುವವರು ಎಂಬಲ್ಲಿ ಅವಳ ಹೆಸರು ಬರೆದು, ತಮ್ಮದನ್ನು ಅಳಿಸಿದರು. "ಅಪ್ಪಗ ಫೋನ್ ಹಚ್ಚವಾ," ಎಂದರು. ಅವಳು ಹಚ್ಚಿ ಕೊಟ್ಟಳು.

"ನಮಸ್ಕಾರ್ರಿ. ನಾ ಕಾಗವಾಡದಿಂದ ಮಾತಾಡಾಕತ್ತೇನಿ. ನಿಮಗ ಎರಡು ವರ್ಷ ಬೈಸಿದಾಂವ ನಾನ ರೀ. ತಪ್ಪು ಐತಿ ಅಂತ ನನಗ ಗೊತ್ತಿತ್ತು. ತಿದ್ದಾಕ ಬರವಲ್ದು ಅಂತ ಹೇಳಾಕ ನಾಚಿಕಿ ಬಂದಿತ್ರಿ."

ಆ ಕಡೆ ಕಾಲುವೆಯಲ್ಲಿ ನೀರು ಹರಿಯುವ ಸಪ್ಪಳ ನಮಗೂ ಕೇಳಿಸುತ್ತಿತ್ತು. ಅದರ ನಡುವೆ ಅವಳ ಅಪ್ಪನ ದನಿ ಬಂತು.

"ಇರ್ಲಿ ಬಿಡ್ರಿ ಯಜಮಾನ್ರ. ಮಗಳು ಕಲತ್ಳಲ್ರಿ. ಆಕಿ ಮುಂಜಾನಿ ಏನೂ ತಿಂದು ಹೋಗಿಲ್ಲ, ಒಂದೀಟು ಊಟಕ್ಕ ಹಾಕ್ರಿ."